ಹುಲ್ಲು ಕೊಯ್ಯುವ ಗಾಡಿಯ ಹೊಟ್ಟೆಯೊಳಗಿನ ಗರಗರ

ಮೂರು ವಾರ ಸಂಚಿಕೆ ಬರಲಿಲ್ಲ ಅಂತ ಸುಮಾರು ಜನ ಮೆಸೇಜ್ ಹಾಕಿದ್ರಿ. ನಾನು ಅಮೆರಿಕದಲ್ಲಿದ್ದೆ. ಓಹಿಯೋ ರಾಜ್ಯ, ಕೊಲಂಬಸ್‌ನಿಂದ ಮುಕ್ಕಾಲು ಗಂಟೆ ದಾರಿ. ಅಕ್ಕನಿಗೆ ಎರಡನೇ ಹೆರಿಗೆ. ಅಮ್ಮ ಬಾಣಂತನಕ್ಕೆ ಹೊರಟಾಗ, ನಡುವೆ ವಿಮಾನ ಬದಲಿಸೋಕೆ ಭಯ ಅಂತ ನನ್ನನ್ನೂ ಎಳೆದುಕೊಂಡು ಹೋದರು. ವಾಪಸ್ ಬಂದು ಅಲ್ಲಿನ ಕನ್ನಡ ಕೂಟಗಳ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೆ. ಆದರೆ ಅಲ್ಲಿ ನಾನು ನಿಜವಾಗಿ ಕಲಿತದ್ದು ಒಂದೇ ವಿಷಯ, ಸ್ಪಿಂಡಲ್ ಬೇರಿಂಗ್. ಬಿಕಾಂ ಓದಿದವನಿಗೆ ಯಾಕೆ ಈ ಉಸಾಬರಿ ಅಂತ ನಗಬೇಡಿ, ಸ್ವಲ್ಪ ಕೇಳಿ.

ಅಕ್ಕನ ಮನೆಗೆ ಒಂದೂವರೆ ಎಕರೆ ಜಾಗ. ನಮ್ಮ ತಿಪಟೂರಲ್ಲಾದರೆ ಎಪ್ಪತ್ತು ತೆಂಗಿನ ಸಸಿ ಇಟ್ಟಿರ್ತಿದ್ವಿ, ಅಲ್ಲಿ ಪೂರ್ತಿ ಹುಲ್ಲು. ಮೇ ತಿಂಗಳಲ್ಲಿ ಅದು ರಾತ್ರೋರಾತ್ರಿ ಬೆಳೆಯುತ್ತೆ. ಮಿತಿ ಮೀರಿದರೆ ಊರಿನ ಆಡಳಿತದಿಂದ ನೋಟಿಸ್ ಬರುತ್ತೆ, ಆಮೇಲೆ ದಂಡ. ಹಾಗಾಗಿ ಎಲ್ಲರ ಗ್ಯಾರೇಜಲ್ಲೂ ಕೂತು ಓಡಿಸುವ ಮೋವರ್ ಒಂದು ಇರುತ್ತೆ. ಪುಟ್ಟ ಟ್ರ್ಯಾಕ್ಟರ್ ಥರ, ಹೊಟ್ಟೆಯ ಕೆಳಗೆ ಒಂದು ಅಗಲವಾದ ತಗಡಿನ ಬೋಗುಣಿ ಮಗುಚಿ ಹಾಕಿದ ಹಾಗೆ. ಅದಕ್ಕೆ ಡೆಕ್ ಅಂತಾರೆ. ಭಾವನದು 42 ಇಂಚಿನ ಡೆಕ್, ಒಳಗೆ ಎರಡು ಬ್ಲೇಡು. ಬ್ಲೇಡ್ ಕೂರುವ ಶಾಫ್ಟ್, ಅದರ ಸುತ್ತ ಅಲ್ಯೂಮಿನಿಯಂ ಹೌಸಿಂಗ್, ಅದರೊಳಗೆ ಮೇಲೊಂದು ಕೆಳಗೊಂದು ಬೇರಿಂಗ್, ಮೇಲೆ ಪುಲ್ಲಿ. ಇಷ್ಟೂ ಸೇರಿ ಸ್ಪಿಂಡಲ್.

ನಾವು ಹೋದ ಎರಡನೇ ದಿನ ಭಾವ ಗಾಡಿ ಸ್ಟಾರ್ಟ್ ಮಾಡಿದರು. ಇಂಜಿನ್ ಸರಿಯಾಗೇ ಇತ್ತು. ಬ್ಲೇಡಿನ ಲಿವರ್ ಎಳೆದರು ನೋಡಿ, ಕಲ್ಲು ತುಂಬಿದ ಮಿಕ್ಸಿ ತಿರುಗಿದ ಹಾಗೆ ಸದ್ದು. ಒಳಗೆ ಹತ್ತು ದಿನದ ಕೂಸು ಚೀರಿಕೊಂಡಿತು. ಅಕ್ಕ ಕಿಟಕಿಯಿಂದ, "ರೀ, ನಿಲ್ಲಿಸ್ರೀ ಅದನ್ನ" ಅಂದಳು.

ರಿಪೇರಿ ಅಂಗಡಿಗೆ ಫೋನ್ ಮಾಡಿದರೆ ಎರಡೂವರೆ ವಾರ ಕಾಯಬೇಕಂತೆ, ಬಂದು ನೋಡೋಕೇ 95 ಡಾಲರ್. ಭಾವ ಫೋನ್ ಇಟ್ಟು ಸುಮ್ಮನೆ ನಿಂತರು. ಆಗ ನನಗೆ ಗೊತ್ತಾಯಿತು, ಕೂಸು ಹುಟ್ಟುವ ಎರಡು ವಾರ ಮುಂಚೆ ಅವರ ಕೆಲಸ ಹೋಗಿತ್ತು. ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅವರ ಒಪ್ಪಿಗೆ ತಗೊಂಡೇ ಇಲ್ಲಿ ಹೇಳ್ತಿದ್ದೀನಿ. "ನೀನೂ ನಾನೂ ನೋಡೋಣವೇನಪ್ಪಾ?" ಅಂದರು. ಬೇಡ ಅನ್ನೋಕಾಗಲಿಲ್ಲ.

ಸದ್ದನ್ನು ರೆಕಾರ್ಡ್ ಮಾಡಿ ಅಪ್ಪನಿಗೆ ಕಳಿಸಿದೆ. ಅಪ್ಪ ಇಪ್ಪತ್ತೆರಡು ವರ್ಷ ಹಿಟ್ಟಿನ ಮಿಲ್ ನಡೆಸಿದವರು. ಉತ್ತರ ಬಂತು: "ಬೇರಿಂಗ್ ಹೋಗಿದೆ ಕಣೋ. ಯಾವುದು ಅಂತ ಕೈಯಲ್ಲಿ ತಿರುಗಿಸಿ ನೋಡು. ಕಿವಿ ನಂಬಬೇಡ, ಕೈ ನಂಬು."

ನಾನು ಕೈ ನಂಬಲಿಲ್ಲ. ಇಂಟರ್ನೆಟ್ ನಂಬಿದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಐಡ್ಲರ್ ಪುಲ್ಲಿಯಲ್ಲೂ ಒಂದು ಬೇರಿಂಗ್ ಇರುತ್ತೆ, ಅದೇ ಬೇಗ ಹೋಗೋದು ಅಂತ ಯಾರೋ ಹೇಳಿದ್ದರು. 18 ಡಾಲರ್ ಕೊಟ್ಟು ಹೊಸ ಪುಲ್ಲಿ ತಂದು ಹಾಕಿದೆವು. ಸದ್ದು ಕೂದಲೆಳೆಯಷ್ಟೂ ಕಮ್ಮಿ ಆಗಲಿಲ್ಲ.

ಆಮೇಲೆ ಅಪ್ಪ ಹೇಳಿದ ಹಾಗೆ ಮಾಡಿದ್ವಿ. ಇಲ್ಲಿಂದ ಗಮನ ಕೊಡಿ. ಇಂಜಿನ್ ಆಫ್, ಕೀ ಜೇಬಿಗೆ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕೆ. ಇದು ಅತಿ ಜಾಗ್ರತೆ ಅಲ್ಲ. ಈ ಬ್ಲೇಡಿನ ತುದಿಗೆ ಅಮೆರಿಕದ ಸುರಕ್ಷತಾ ಮಾನದಂಡ ಇಟ್ಟಿರುವ ಮಿತಿಯೇ ನಿಮಿಷಕ್ಕೆ 19,000 ಅಡಿ. ಲೆಕ್ಕ ಹಾಕಿ, ಗಂಟೆಗೆ ಹೆಚ್ಚುಕಮ್ಮಿ 347 ಕಿಲೋಮೀಟರ್. ಡೆಕ್ಕನ್ನು ಗಾಡಿಯಿಂದ ಕಳಚಿ ಹೊರಗೆ ಎಳೆದು, ಬೆಲ್ಟ್ ಪೂರ್ತಿ ತೆಗೆದೆವು. ಬೆಲ್ಟ್ ಇದ್ದರೆ ಎಲ್ಲ ಪುಲ್ಲಿಗಳೂ ಒಟ್ಟಿಗೆ ತಿರುಗುತ್ತವೆ, ಕಳ್ಳ ಯಾರು ಅಂತ ಗೊತ್ತಾಗಲ್ಲ. ಈಗ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ. ಬಲಗಡೆಯದು ಬೆಣ್ಣೆ. ಎಡಗಡೆಯದು ಮರಳಲ್ಲಿ ತಿರುಗಿದ ಹಾಗೆ, ಬೆರಳಿಗೇ ತಿಳಿಯುತ್ತಿತ್ತು. ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಕಟಕಟ ಅಂತ ಆಟ. ಕೈಗೆ ದಪ್ಪ ಗ್ಲೌಸ್ ಇರಲಿ.

ಯಾಕೆ ಹೋಯಿತು ಅನ್ನೋದು ಬಿಚ್ಚಿದಾಗ ಕಂಡಿತು. ಗಿಡಗಳ ಬುಡದ ಹುಲ್ಲು ಕತ್ತರಿಸುವ ಮಷೀನಿನ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಕೆಳಗಿನ ಬೇರಿಂಗಿನ ಸೀಲನ್ನೇ ಕತ್ತರಿಸಿತ್ತು. ಮೇಲಿಂದ ಭಾವ ಪ್ರತಿ ವಾರ ಡೆಕ್ಕಿಗೆ ನೀರು ಬಿಟ್ಟು ತೊಳೀತಿದ್ದರು. ಹರಿದ ಸೀಲ್, ನೀರು, ಮಣ್ಣು. ಇನ್ನೇನು ಬೇಕು. ಹೌಸಿಂಗಿನ ಮೇಲೆ ಗ್ರೀಸ್ ನಿಪ್ಪಲ್ ಇತ್ತು, ಗ್ರೀಸೂ ಹೊಡೀತಿದ್ದರು. ಆದರೆ ಎರಡೂ ಕಡೆ ರಬ್ಬರ್ ಸೀಲ್ ಇರುವ ಬೇರಿಂಗ್ ಹಾಕಿದ್ದರೆ ಆ ಗ್ರೀಸ್ ಹೌಸಿಂಗಿನ ಹೊಟ್ಟೆಯಲ್ಲೇ ಕೂರುತ್ತೆ, ಗುಂಡುಗಳಿಗೆ ತಲುಪಲ್ಲ.

ಬೇರಿಂಗಿನ ಮೇಲೆ 6203 ಅಂತ ನಂಬರ್. ಅಪ್ಪನಿಗೆ ಹೇಳಿದ್ದೇ ತಡ, "ಅಯ್ಯೋ, ನಮ್ಮ ಮೋಟಾರಿಂದೇ ಅಲ್ವೇನೋ" ಅಂದರು. ನಿಜ. ಹೊರಗೆ 40 ಮಿಲಿಮೀಟರ್, ಒಳಗೆ 17, ದಪ್ಪ 12. ತಿಪಟೂರಲ್ಲೂ ಓಹಿಯೋದಲ್ಲೂ ಅದೇ ಅಳತೆ. ಆದರೆ ಒಂದು ಮೋಸ ಇದೆ. ಹೊರಗಿನ ಅಳತೆ ಹಾಗೇ ಇದ್ದು, ಒಳಗಿನ ತೂತು ಮಾತ್ರ ಇಂಚಿನ ಎಂಟನೇ ಐದು ಭಾಗ, ಅಂದರೆ 15.875 ಮಿಲಿಮೀಟರ್ ಇರುವುದೂ ಬರುತ್ತೆ, ಮೋವರುಗಳಲ್ಲಿ ಅದೂ ಇದೆ. ನಂಬರ್ ಅಷ್ಟೇ ನೋಡಿ ತರಬೇಡಿ, ಶಾಫ್ಟ್ ಅಳೆಯಿರಿ. ನಮ್ಮದು 17ರದೇ ಆಗಿತ್ತು. ಎರಡಕ್ಕೆ 14 ಡಾಲರ್.

ಹಾಕುವಾಗ ಹೊರಗಿನ ರಿಂಗಿನ ಮೇಲೆ ಮಾತ್ರ ಬಡಿಯಬೇಕು. ಒಳ ರಿಂಗಿಗೆ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗೇ ಹಾಳು. ಬೇರಿಂಗನ್ನು ರಾತ್ರಿ ಫ್ರೀಜರಲ್ಲಿ ಇಟ್ಟಿದ್ವಿ, ಹೌಸಿಂಗನ್ನು ಬಿಸಿಲಲ್ಲಿ. ಅಮ್ಮ ಬೆಳಿಗ್ಗೆ ಐಸ್ ತೆಗೆಯೋಕೆ ಹೋಗಿ, "ಇದ್ಯಾವುದೋ ಕಬ್ಬಿಣ, ಬಾಣಂತಿ ಮನೇಲಿ!" ಅಂತ ರೇಗಿದರು. ಆದರೆ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿದರೆ ಕೂತೇ ಬಿಟ್ಟಿತು.

ಈಗ ನನ್ನ ತಪ್ಪು. ಎರಡು ಬೇರಿಂಗಿನ ನಡುವೆ ಒಂದು ಪುಟ್ಟ ಕೊಳವೆ ಇರುತ್ತೆ, ಸ್ಪೇಸರ್. ಬಿಚ್ಚಿದಾಗ ಅದು ಉರುಳಿ ಕಪಾಟಿನ ಅಡಿಗೆ ಹೋಗಿತ್ತು, ನಾನು ನೋಡಲೇ ಇಲ್ಲ. ಅದಿಲ್ಲದೆ ಜೋಡಿಸಿ ನಟ್ ಬಿಗಿದೆ. ತಿರುಗಿಸಿದರೆ ಬಿಗಿ ಅನ್ನಿಸಿತು. ಹೊಸದಲ್ವಾ, ಹಾಗೇ ಇರುತ್ತೆ ಅಂತ ನಾನೇ ಭಾವನಿಗೆ ಹೇಳಿದೆ. ಗಾಡಿ ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಊಳಿಟ್ಟಿತು, ಹಿಂದಿಗಿಂತ ಜೋರು. ಅಕ್ಕನ ದೊಡ್ಡ ಮಗಳು, ಐದು ವರ್ಷದವಳು, ಸದ್ದು ಕೇಳಿ ಹಿತ್ತಲ ಬಾಗಿಲಿಂದ ಹೊರಗೆ ಓಡಿ ಬಂದಳು. ಭಾವ ಸೀಟಿಂದ ಎದ್ದೇ ಬಿಟ್ಟರು. ಎದ್ದರೆ ಇಂಜಿನ್ ತಾನೇ ನಿಲ್ಲುವ ಸ್ವಿಚ್ ಅದರಲ್ಲಿರುತ್ತೆ, ನಿಂತಿತು. ಮಗು ಇನ್ನೂ ಮೂವತ್ತು ಅಡಿ ದೂರದಲ್ಲಿತ್ತು. ಏನೂ ಆಗಲಿಲ್ಲ. ಆದರೆ ಭಾವ ಅವಳನ್ನು ಎತ್ತಿಕೊಂಡು ಒಳಗೆ ಹೋದವರು ಅರ್ಧ ಗಂಟೆ ಹೊರಗೆ ಬರಲಿಲ್ಲ, ನನಗೂ ಒಳಗೆ ಹೋಗೋಕೆ ಮುಖ ಇರಲಿಲ್ಲ. ಹೌಸಿಂಗ್ ಮುಟ್ಟೋಕಾಗದಷ್ಟು ಕಾದಿತ್ತು.

ಸ್ಪೇಸರ್ ಇದ್ದರೆ ನಟ್ಟಿನ ಬಿಗಿತ ಒಳ ರಿಂಗಿನಿಂದ ಸ್ಪೇಸರಿಗೆ, ಅಲ್ಲಿಂದ ಇನ್ನೊಂದು ಒಳ ರಿಂಗಿಗೆ ನೇರ ಹೋಗುತ್ತೆ, ಗುಂಡುಗಳು ಆರಾಮಾಗಿರುತ್ತವೆ. ಇಲ್ಲದಿದ್ದರೆ ಎರಡು ಒಳ ರಿಂಗುಗಳು ಒಂದನ್ನೊಂದು ಎಳೆದುಕೊಂಡು, ಗುಂಡುಗಳನ್ನು ಪಕ್ಕದ ಗೋಡೆಗೆ ಅದುಮುತ್ತವೆ. ನಟ್ ಬಿಗಿದ ಮೇಲೂ ಶಾಫ್ಟ್ ಹಗುರಾಗಿ ತಿರುಗಬೇಕು. ಬಿಗಿ ಆಯಿತು ಅಂದರೆ ಏನೋ ಬಿಟ್ಟಿದ್ದೀರಿ, ಬಿಚ್ಚಿ.

ಮತ್ತೆ 14 ಡಾಲರ್. ಈ ಸಲ ಸ್ಪೇಸರನ್ನು ಭಾವ ತಮ್ಮ ಅಂಗಿ ಜೇಬಲ್ಲೇ ಇಟ್ಟುಕೊಂಡಿದ್ದರು, ನನ್ನ ಕೈಗೆ ಕೊಡಲಿಲ್ಲ. ಬ್ಲೇಡನ್ನೂ ಕಳಚಿ, ನಡುವಿನ ತೂತಿಗೆ ಮೊಳೆ ತೂರಿಸಿ ತೂಗಿ ನೋಡಿದೆವು. ಒಂದು ಕಡೆ ಭಾರ ಇಳಿಯುತ್ತಿತ್ತು, ಉಜ್ಜಿ ಸಮ ಮಾಡಿದೆವು. ವಾಲಿದ ಬ್ಲೇಡ್ ಹೊಸ ಬೇರಿಂಗನ್ನೂ ತಿನ್ನುತ್ತೆ. ಗಾಡಿ ಶುರು ಮಾಡಿದಾಗ ಕೂಸು ಮಲಗಿತ್ತು, ಏಳಲಿಲ್ಲ. ಒಂದೂವರೆ ಎಕರೆ ಕೊಯ್ದು ಮುಗಿಸೋಕೆ ಸಂಜೆ ಆಯಿತು.

ಒಟ್ಟು ಲೆಕ್ಕ 46 ಡಾಲರ್. ಅದರಲ್ಲಿ 32 ನನ್ನ ಬುದ್ಧಿವಂತಿಕೆಯ ಖರ್ಚು, ಭಾವನ ಹತ್ತಿರ ತಗೊಳ್ಳಲಿಲ್ಲ. ಬಲಗಡೆಯ ಸ್ಪಿಂಡಲ್ ಹಳೆಯದೇ ಇದೆ. ಹುಲ್ಲು ಕೊಯ್ದಾದ ಮೇಲೆ ಕೀ ತೆಗೆದು ಎರಡನ್ನೂ ಮುಟ್ಟಿ ನೋಡಿ ಅಂತ ಅಪ್ಪ ಭಾವನಿಗೆ ಹೇಳಿದ್ದಾರೆ. ಆ ಒಂದು ನೆಪಕ್ಕೆ ಇಬ್ಬರೂ ಈಗ ಪ್ರತಿ ಶನಿವಾರ ಫೋನಲ್ಲಿ ಮಾತಾಡ್ತಾರೆ. ಹೋದ ವಾರ, "ಎರಡೂ ಬರೀ ಬೆಚ್ಚಗಿವೆ ಮಾವ" ಅಂದರಂತೆ. ಕೆಲಸದ ವಿಷಯವನ್ನೂ ಅವತ್ತೇ ಹೇಳಿದರಂತೆ.

ಮುಂದಿನ ವಾರ ಕನ್ನಡ ಕೂಟಗಳ ಕಥೆ, ಖಂಡಿತ. ಸಿಗೋಣ.