ಪ್ರಮಾಣಪತ್ರದ ಮರುದಿನ



ಬೆಂಗಳೂರಿನಲ್ಲಿ ಬೆಂಕಿ ಸುರಕ್ಷತೆಯ ಮಾತು ಎದ್ದಾಗಲೆಲ್ಲ ಕಾರ್ಲ್‌ಟನ್ ಟವರ್ಸ್ ನೆನಪಾಗುತ್ತದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಆ ಕಟ್ಟಡದಲ್ಲಿ ಬೆಂಕಿ ಹೊತ್ತಿದ್ದು ವಿದ್ಯುತ್ ಕೇಬಲ್‌ಗಳು ಹಾದುಹೋಗುವ ಡಕ್ಟ್‌ನಲ್ಲಿ. ಉರಿಗಿಂತ ಮೊದಲು ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿತು. ಹೊರಬರಲು ದಾರಿ ಕಾಣದವರು ಗಾಜು ಒಡೆದು ಕೆಳಗೆ ಹಾರಿದರು. 9 ಜನ ತೀರಿಕೊಂಡರು. ಒಂದೊಂದು ಮಹಡಿಯ ಮಟ್ಟದಲ್ಲೂ ಡಕ್ಟ್‌ಗೆ ಬೆಂಕಿ ತಡೆಯುವ ಅಡ್ಡಮುಚ್ಚಿಗೆ ಇರಬೇಕು, ಇಲ್ಲವಾದರೆ ಅದು ಹೊಗೆ ಮೇಲೇರುವ ಚಿಮಣಿಯಾಗಿಬಿಡುತ್ತದೆ. ಇದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬರೆದಿಟ್ಟ ಮಾತು. ದುಬಾರಿ ಕೆಲಸವೂ ಅಲ್ಲ. ಆದರೆ ಗೋಡೆಯೊಳಗೆ ಇರುವ ಲೋಪವಾದ್ದರಿಂದ, ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡುವವರು ಇಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆ ಕಟ್ಟಿಕೊಂಡು ನಿಂತವು. 2011ರಲ್ಲಿ ಸರ್ಕಾರ ಅಗ್ನಿಶಾಮಕ ದಳ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ, ಹಳೆಯ ಬಹುಮಹಡಿ ಕಟ್ಟಡಗಳನ್ನೂ ಸುರಕ್ಷತಾ ಕ್ರಮಗಳ ಅಡಿಗೆ ತಂದಿತು. ದುಃಖವನ್ನು ಸಾರ್ವಜನಿಕ ಕೆಲಸವಾಗಿ ಮಾರ್ಪಡಿಸಿದ ಆ ಕುಟುಂಬಗಳಿಗೆ ಈ ನಗರ ಋಣಿ. ಆದರೆ ಅಲ್ಲಿಂದಾಚೆಗೆ ನಮ್ಮ ಕಣ್ಣು ಎತ್ತರದ ಮೇಲೆಯೇ ನೆಟ್ಟುಹೋಯಿತು. ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಎತ್ತರದ್ದು ಬಹುಮಹಡಿ ಕಟ್ಟಡ. ಇಂಥದೊಂದು ಎತ್ತರದ ಗೆರೆಯ ಮೇಲಿದ್ದರೆ ನಿರಾಕ್ಷೇಪಣಾ ಪತ್ರ, ತಪಾಸಣೆ, ನವೀಕರಣ. ಕೆಳಗಿದ್ದರೆ ಬಹುಮಟ್ಟಿಗೆ ಮಾಲೀಕರ ಮನಸ್ಸಾಕ್ಷಿ.

ಈಗ ಸಾವುಗಳು ಎಲ್ಲಿ ಸಂಭವಿಸಿವೆ ಎಂಬುದನ್ನು ನೋಡೋಣ. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ರಾತ್ರಿ ಕೆಲಸ ಮುಗಿಸಿ ಅಲ್ಲಿಯೇ ಮಲಗಿದ್ದ ಐವರು ಕಾರ್ಮಿಕರು. 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್‌ನಲ್ಲಿ ತಾಯಿ, ಮಗಳು. ಬಾಲ್ಕನಿಗೆ ಹಾಕಿಸಿದ್ದ ಕಬ್ಬಿಣದ ಗ್ರಿಲ್ ದಾಟಿ ಹೊರಬರಲಾಗದೆ ಒಬ್ಬರು ಎಲ್ಲರ ಕಣ್ಣೆದುರೇ ಬೆಂದರು. 2024ರ ನವೆಂಬರ್‌ನಲ್ಲಿ ರಾಜಾಜಿನಗರದ ವಿದ್ಯುತ್ ಸ್ಕೂಟರ್ ಷೋರೂಮಿನಲ್ಲಿ ಅಲ್ಲಿ ಕೆಲಸಕ್ಕಿದ್ದ ಯುವತಿ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ ಐವರು. ಕೆಳಗೆ ಪ್ಲಾಸ್ಟಿಕ್ ಸರಕು, ಮೇಲೆ ಸಂಸಾರ. ಇವು ಯಾವುವೂ ಗಗನಚುಂಬಿಗಳಲ್ಲ. ಅಷ್ಟೇಕೆ, ಈ ನಗರ ಕಂಡ ಅತಿ ಘೋರ ಅಗ್ನಿ ದುರಂತ ನಡೆದದ್ದು ಮಹಡಿಯೇ ಇಲ್ಲದ ಕಡೆ: 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು.

ಹಾಗಾಗಿ ಈ ವಿಚಾರ ಸಂಕಿರಣದ ಮುಂದೆ ನಾನು ಇಡುವ ಆಶಯ ಒಂದೇ. ನಮ್ಮ ತಪಾಸಣೆ ಕಟ್ಟಡದ ಬಳಕೆಯನ್ನು ಹಿಂಬಾಲಿಸಬೇಕು. ಒಳಗೆ ಏನು ತುಂಬಿದೆ, ಯಾರು ಮಲಗುತ್ತಾರೆ, ಎಷ್ಟು ಹೊತ್ತಿಗೆ ಬಾಗಿಲಿಗೆ ಬೀಗ ಬೀಳುತ್ತದೆ: ಅಪಾಯವನ್ನು ಅಳೆಯಬೇಕಾದದ್ದು ಇದರಿಂದ.

ಪೇಟೆಯನ್ನೇ ತೆಗೆದುಕೊಳ್ಳಿ. ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಗಳ ಹಳೆಯ ಬದುಕಿನ ಕ್ರಮ. ಅದನ್ನು ತಪ್ಪು ಎನ್ನಲಾರೆ. ವ್ಯಾಪಾರವೂ ನೆರೆಹೊರೆಯೂ ಒಂದೇ ಬೀದಿಯಲ್ಲಿ ಬೆಳೆದದ್ದು ಅದರಿಂದಲೇ. ಬದಲಾಗಿರುವುದು ಸರಕು. ಧಾನ್ಯ, ಹಿತ್ತಾಳೆ ಪಾತ್ರೆ ಇರುತ್ತಿದ್ದ ಜಾಗಕ್ಕೆ ಫೋಮ್, ಪಿವಿಸಿ ಚಾಪೆ, ಪ್ಲಾಸ್ಟಿಕ್ ಆಟಿಕೆ, ಲಿಥಿಯಂ ಬ್ಯಾಟರಿ ಬಂದಿವೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬಂದು ಕಣ್ಣು, ಗಂಟಲು ಮುಚ್ಚಿಸುತ್ತದೆ. ಪಾಲಿಯುರೆಥೇನ್ ಫೋಮ್ ಸುಟ್ಟರೆ ಸಯನೈಡ್ ಕೂಡ ಬೆರೆತ ಕಪ್ಪು ಹೊಗೆ ನಿಮಿಷಗಳಲ್ಲಿ ಮೆಟ್ಟಿಲನ್ನು ತುಂಬುತ್ತದೆ. ಮೇಲಿನ ಮನೆಗೆ ಇರುವುದೂ ಅದೊಂದೇ ಮೆಟ್ಟಿಲು, ಅದು ಇಳಿಯುವುದೂ ಗೋದಾಮಿನ ಬಾಗಿಲ ಪಕ್ಕಕ್ಕೇ. ಅಗ್ನಿಶಾಮಕ ಇಲಾಖೆಯ ಬಳಿ ಈಗ 90 ಮೀಟರ್ ಎತ್ತರಕ್ಕೆ ಚಾಚುವ ಏಣಿಯ ವಾಹನವಿದೆ, ಸಂತೋಷ. ಅದು ಈ ಗಲ್ಲಿಗಳಿಗೆ ತಿರುಗಲಾರದು.

ಇಂತಹ ಕಟ್ಟಡಕ್ಕೆ ಸ್ಪ್ರಿಂಕ್ಲರ್, ಸುತ್ತ 6 ಮೀಟರ್ ತೆರವು ಜಾಗ ಎಂದು ಸಂಹಿತೆಯ ಪುಟ ತೋರಿಸಿದರೆ ಮಾಲೀಕರು ಕೈಚೆಲ್ಲುತ್ತಾರೆ. ಆಗದ್ದನ್ನು ಕೇಳಿದಾಗ ಆಗುವುದೂ ನಡೆಯುವುದಿಲ್ಲ. ನಾನು ವಿದ್ಯಾರ್ಥಿಗಳನ್ನು ಪೇಟೆಗೆ ಕರೆದೊಯ್ದಾಗ ಅವರಿಗೆ ಮೊದಲು ತೋರಿಸುವುದು ತಾರಸಿಗಳನ್ನು. ಒಂದಕ್ಕೊಂದು ಅಂಟಿಕೊಂಡ ಗೋಡೆಗಳು, ಮೊಣಕಾಲೆತ್ತರದ ಪ್ಯಾರಾಪೆಟ್. ಬೀಗವಿಲ್ಲದ ತಾರಸಿ ಬಾಗಿಲು, ಪಕ್ಕದ ತಾರಸಿಗೆ ದಾಟಲು ಗೋಡೆಗೆ ಬಿಗಿದ ಕಬ್ಬಿಣದ ಏಣಿ, ಅಕ್ಕಪಕ್ಕದ ಇಬ್ಬರು ಮಾಲೀಕರ ನಡುವೆ ಒಂದು ಬರಹದ ಒಪ್ಪಂದ: ಇಷ್ಟಾದರೆ ಆ ಸಂಸಾರಕ್ಕೆ ಎರಡನೇ ದಾರಿ ದೊರೆಯುತ್ತದೆ. ಕಳ್ಳರ ಭಯ ಎನ್ನುತ್ತಾರೆ. ಒಳಗಿನಿಂದ ಮಾತ್ರ ತೆರೆಯುವ ಚಿಲಕ ಅದಕ್ಕೆ ಉತ್ತರ. ಇದನ್ನು ಪರ್ಯಾಯ ನಿರ್ಗಮನವೆಂದು ಮಾನ್ಯ ಮಾಡುವ ನಿಯಮವೊಂದನ್ನು ಪೇಟೆ ಪ್ರದೇಶಕ್ಕೆಂದೇ ರೂಪಿಸಲು ಸಾಧ್ಯವೇ? ನಾಳೆಯ ಗೋಷ್ಠಿಯಲ್ಲಿ ಅಧಿಕಾರಿಗಳ ಅಭಿಪ್ರಾಯ ಕೇಳಲು ನಾನು ಕಾದಿದ್ದೇನೆ. ಕಿಟಕಿ ಗ್ರಿಲ್‌ಗೂ ಇದೇ ಮಾತು. ಮಲಗುವ ಕೋಣೆಯ ಒಂದು ಗ್ರಿಲ್ ಆದರೂ ಒಳಗಿನಿಂದ ಕೈಯಿಂದಲೇ ತೆರೆಯುವಂತಿರಬೇಕು. ಗ್ರಿಲ್ ಮಾಡುವ ಕಮ್ಮಾರನಿಗೆ ಅದು ಎರಡು ಕೀಲು, ಒಂದು ಕೊಂಡಿಯ ಕೆಲಸ.

ಇನ್ನು ತಪಾಸಣೆಯ ಬಗ್ಗೆ. ಪ್ರಮಾಣಪತ್ರ ಒಂದು ದಿನದ ಸ್ಥಿತಿಗೆ ಸಾಕ್ಷಿ. ಮರುದಿನದಿಂದ ಕಟ್ಟಡ ಬದಲಾಗತೊಡಗುತ್ತದೆ. ಮೆಟ್ಟಿಲಡಿ ಹಳೆಯ ಹಾಸಿಗೆ ಸೇರುತ್ತದೆ, ಮೀಟರ್ ಬೋರ್ಡಿನ ಎದುರು ಸ್ಕೂಟರ್ ಚಾರ್ಜಿಗೆ ನಿಲ್ಲುತ್ತದೆ, ಎ.ಸಿ. ಗಾಳಿ ಸೋರದಿರಲೆಂದು ಯಾರೋ ಬೆಂಕಿ ಬಾಗಿಲನ್ನು ಬೋಲ್ಟ್ ಹಾಕಿ ಮುಚ್ಚುತ್ತಾರೆ. ನೆಲಮಾಳಿಗೆಯ ಪಾರ್ಕಿಂಗ್ ದಾಸ್ತಾನು ಕೋಣೆಯಾಗುತ್ತದೆ. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆದದ್ದು ಇದೇ, ಅಲ್ಲಿಂದ ಎದ್ದ ಹೊಗೆಗೆ ಮಲಗಿದಲ್ಲೇ ರೋಗಿಗಳು ಬಲಿಯಾದರು. ಇವನ್ನೆಲ್ಲ ಹಿಡಿಯಬೇಕಾದ ಭೇಟಿ ಮೊದಲೇ ತಿಳಿಸಿ ಬರುವಂಥದ್ದಾದರೆ, ಆ ಒಂದು ದಿನಕ್ಕೆ ಮೆಟ್ಟಿಲು ಖಾಲಿಯಾಗುತ್ತದೆ. ಅಗ್ನಿನಂದಕದ ಚೀಟಿಯಲ್ಲಿ ತಾರೀಖು ನೋಡಿ ಟಿಕ್ ಹಾಕುವುದನ್ನು ತಪಾಸಣೆ ಎಂದು ನಾನು ಒಪ್ಪುವುದಿಲ್ಲ. ಮುಖ್ಯ ಸ್ವಿಚ್ ಆರಿಸಿ ಡೀಸೆಲ್ ಪಂಪ್ ತಾನಾಗಿ ಚಾಲೂ ಆಗುತ್ತದೆಯೇ, ಮೇಲಿನ ಮಹಡಿಯ ಹೈಡ್ರಂಟ್‌ನಲ್ಲಿ ನೀರು ರಭಸದಿಂದ ಬರುತ್ತದೆಯೇ, ಕತ್ತಲಲ್ಲಿ ನಿರ್ಗಮನದ ದೀಪ ಉರಿಯುತ್ತದೆಯೇ, ರಾತ್ರಿ ಕಾವಲುಗಾರನಿಗೆ ತಾರಸಿಯ ಬೀಗದ ಕೈ ಎಲ್ಲಿದೆ ಎಂದು ಗೊತ್ತೇ: ಇಷ್ಟನ್ನು ನೋಡಬೇಕು, ಅದರಲ್ಲೂ ಕೆಲವನ್ನು ಜನ ಮಲಗಿರುವ ಹೊತ್ತಿನಲ್ಲೇ ನೋಡಬೇಕು.

2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ತಾರಸಿ ಕೆಫೆಯಲ್ಲಿ ಸಿಲಿಂಡರ್ ಸಿಡಿದ ಮೇಲೆ ತಾರಸಿ ಹೋಟೆಲುಗಳ ತಪಾಸಣೆ ಭರದಿಂದ ನಡೆಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಜನ ಪಾರಾಗಲು ಓಡುವ ತಾರಸಿಯೇ ಅಡುಗೆಮನೆಯಾಗಿದೆ ಎಂಬುದು ಅಲ್ಲಿಗೆ ಊಟಕ್ಕೆ ಹೋದವರಿಗೆಲ್ಲ ಗೊತ್ತಿತ್ತು. ಗೊತ್ತಿರುವುದನ್ನು ಕಡತಕ್ಕೆ ಸೇರಿಸುವ ಹೊಣೆ ಯಾರದು ಎಂಬುದೇ ಪ್ರಶ್ನೆ.

ಹೊಣೆ ಚದುರಿಹೋಗಿದೆ. ಸಂವಿಧಾನದ 12ನೇ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಹೇಳುತ್ತದೆ. ನಮ್ಮಲ್ಲಿ ಅದು ರಾಜ್ಯ ಇಲಾಖೆ. ನಕ್ಷೆ ಮಂಜೂರು ಮಾಡುವುದು ಪಾಲಿಕೆ, ವಿದ್ಯುತ್ ಸಂಪರ್ಕ ಬೆಸ್ಕಾಂನದು, ಉದ್ದಿಮೆ ಪರವಾನಗಿ ಪಾಲಿಕೆಯ ಆರೋಗ್ಯ ವಿಭಾಗದ್ದು. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಇದನ್ನು ತೊಡಕೆಂದೂ ನೋಡಬಹುದು, ಅವಕಾಶವೆಂದೂ ನೋಡಬಹುದು. ನಾನು ಅವಕಾಶವೆನ್ನುತ್ತೇನೆ, ಏಕೆಂದರೆ ಐದೂ ಕಡೆ ನಿಯಮಗಳನ್ನು ಹೊಸದಾಗಿ ಬರೆಯುವ ಕಾಲವಿದು.

ತಪಾಸಣೆ ಹೆಚ್ಚಿದರೆ ಲಂಚವೂ ಹೆಚ್ಚುತ್ತದೆ ಎಂಬ ಆತಂಕ ಸಣ್ಣ ವ್ಯಾಪಾರಿಗಳಲ್ಲಿದೆ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ವರದಿ ಕಡತದಲ್ಲಿ ಮುಚ್ಚಿಟ್ಟಿದ್ದಾಗ ಮಾತ್ರ ಅದಕ್ಕೊಂದು ಬೆಲೆ ಹುಟ್ಟುತ್ತದೆ. ಕಂಡ ಲೋಪ, ಸರಿಪಡಿಸಲು ಕೊಟ್ಟ ಗಡುವು, ನೋಡಿದ ಅಧಿಕಾರಿಯ ಹುದ್ದೆ, ಭೇಟಿಯ ದಿನಾಂಕ ಇಷ್ಟನ್ನೂ ಕನ್ನಡದಲ್ಲಿ ಬರೆದು ಕಟ್ಟಡದ ಮುಂಬಾಗಿಲಿಗೆ ಅಂಟಿಸಲಿ. ಅಲ್ಲಿ ಮಲಗುವ ಕಾರ್ಮಿಕ, ಮಗುವನ್ನು ಟ್ಯೂಷನ್‌ಗೆ ಬಿಡಲು ಬರುವ ತಾಯಿ ಅದನ್ನು ಓದಲಿ.

ಪಿಜಿಗಳಿಂದ ಆರಂಭಿಸೋಣ ಎಂಬುದು ನನ್ನ ಸಲಹೆ. ಮಲಗುವ ಜನ ಹೆಚ್ಚು, ಅಡುಗೆ ಅಲ್ಲೇ, ಹಲವು ಕಡೆ ಮೆಟ್ಟಿಲು ಒಂದೇ, ರಾತ್ರಿ ಗೇಟಿಗೆ ಬೀಗ. 2024ರ ಆಗಸ್ಟ್‌ನಲ್ಲಿ ಪಾಲಿಕೆ ಪಿಜಿಗಳಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ತಲಾ 70 ಚದರಡಿ ಜಾಗ, ಸಿಸಿಟಿವಿ ಕ್ಯಾಮೆರಾಗಳ ಜೊತೆಗೆ ಅಗ್ನಿ ಸುರಕ್ಷತೆಯೂ ಇದೆ. ಪರವಾನಗಿ ನವೀಕರಿಸುವ ಆರೋಗ್ಯಾಧಿಕಾರಿಯ ಜೊತೆ ಆ ಪ್ರದೇಶದ ಅಗ್ನಿಶಾಮಕ ಠಾಣೆಯ ಒಬ್ಬರು ಹೋಗಿ, ಎರಡನೇ ದಾರಿ ಮತ್ತು ಗೇಟಿನ ಬೀಗ ಇವೆರಡನ್ನಾದರೂ ನೋಡಿ ಸಹಿ ಹಾಕುವಂತೆ ಮಾಡಲು ಹೊಸ ಕಾಯ್ದೆಯೇ ಬೇಕೇ, ಒಂದು ಜಂಟಿ ಸುತ್ತೋಲೆ ಸಾಕೇ? ಎರಡೂ ಇಲಾಖೆಯವರು ಇಂದು ಇದೇ ಸಭಾಂಗಣದಲ್ಲಿದ್ದೀರಿ. ಮೊದಲ ಗೋಷ್ಠಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳಲಿ, ಸಂಜೆಯೊಳಗೆ ಆ ಸುತ್ತೋಲೆಯ ಕರಡು ಸಿದ್ಧವಾಗಲಿ ಎಂದು ಕೇಳಿಕೊಳ್ಳುತ್ತೇನೆ.