ಬಾಡಿಗೆ ಅಂದಿದ್ದು ನಾವು



ಮೊನ್ನೆ ಚರ್ಚೆ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ವೀಕ್ಷಕಿಯೊಬ್ಬರ ಫೋನ್. ಜಗಳಕ್ಕಲ್ಲ, ಸಮಾಧಾನವಾಗಿಯೇ ಕೇಳಿದರು: “ಅರ್ಧ ಗಂಟೆಯಲ್ಲಿ ಎಷ್ಟು ಸಲ ‘ಬಾಡಿಗೆ ತಾಯಿ’ ಅಂದ್ರಿ, ಲೆಕ್ಕ ಇದೆಯಾ ಸರ್? ಆರು ವರ್ಷದ ಮಗಳು ಪಕ್ಕದಲ್ಲೇ ಕೂತಿದ್ದಳು. ನನಗೆ ಗರ್ಭಕೋಶ ಇಲ್ಲ. ಅವಳನ್ನು ಹೆತ್ತುಕೊಟ್ಟಿದ್ದು ನಮ್ಮಕ್ಕ. ಅದು ಮಗಳಿಗೂ ಗೊತ್ತು. ಈಗ ‘ದೊಡ್ಡಮ್ಮ ಬಾಡಿಗೆ ತಗೊಂಡ್ರಾ?’ ಅಂತ ಕೇಳ್ತಿದ್ದಾಳೆ. ಏನು ಹೇಳಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನಿನಲ್ಲಿ ಉತ್ತರ ಇದೆ. 2021ರ ಸರೊಗಸಿ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಹಣಕ್ಕಾಗಿ ಗರ್ಭ ಹೊರುವುದು ನಿಷಿದ್ಧ. ಹೊರುವವರಿಗೆ ವೈದ್ಯಕೀಯ ಖರ್ಚು, 36 ತಿಂಗಳ ವಿಮೆ, ಅಷ್ಟೇ. ಮಗು ಆ ದಂಪತಿಯದ್ದೇ, ಎಲ್ಲ ಹಕ್ಕುಗಳೂ ಅದಕ್ಕಿವೆ. ಈ ಸ್ಪಷ್ಟತೆ ಮೊದಲು ಇರಲಿಲ್ಲ. 2008ರಲ್ಲಿ ಗುಜರಾತಿನ ಆನಂದ್‌ನಲ್ಲಿ ಜಪಾನಿ ದಂಪತಿಗಾಗಿ ಹೆಣ್ಣು ಮಗುವೊಂದು ಹುಟ್ಟಿತು. ಅಷ್ಟರಲ್ಲಿ ದಂಪತಿ ಬೇರೆಯಾಗಿದ್ದರು. ತಾಯಿ ಯಾರು, ದೇಶ ಯಾವುದು ಎಂಬ ಗೊಂದಲದಲ್ಲಿ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಕಾಗದದ ಮೇಲಿನ ಗುರುತನ್ನು ಈಗ ಕಾನೂನು ಕೊಡುತ್ತೆ. ಮನಸ್ಸಿನ ಗುರುತನ್ನು ಮನೆಯೇ ಕೊಡಬೇಕು. ಕೇಂಬ್ರಿಜ್‌ನ ಸೂಸನ್ ಗೊಲಂಬೊಕ್ ತಂಡ ಬ್ರಿಟನ್ನಿನಲ್ಲಿ ಸರೊಗಸಿ ಮತ್ತು ಅಂಡಾಣು, ವೀರ್ಯಾಣು ದಾನದಿಂದ ಹುಟ್ಟಿದ ಮಕ್ಕಳ ಕುಟುಂಬಗಳನ್ನು 20 ವರ್ಷ ಗಮನಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಮಕ್ಕಳು ಚೆನ್ನಾಗಿಯೇ ಇದ್ದಾರೆ. ಏಳು ವರ್ಷದೊಳಗೇ ಹುಟ್ಟಿನ ವಿಷಯ ಹೇಳಲು ಶುರು ಮಾಡಿದ ಮನೆಗಳಲ್ಲಿ ತಾಯಿ-ಮಕ್ಕಳ ಸಂಬಂಧ ಇನ್ನೂ ಚೆನ್ನಾಗಿದೆ.

ನಮಗಿದು ಹೊಸ ಪಾಠವೇನಲ್ಲ. ಕರ್ಣನಿಗೆ ತನ್ನ ಹುಟ್ಟಿನ ಗುಟ್ಟು ತಿಳಿದಿದ್ದು ಯುದ್ಧ ಬಾಗಿಲಿಗೆ ಬಂದು ನಿಂತಾಗ. ಹೇಳಬೇಕಾದ ಹೊತ್ತಿನಲ್ಲಿ ಯಾರೂ ಹೇಳಲಿಲ್ಲ. ನನಗೆ ಫೋನ್ ಮಾಡಿದ ತಾಯಿ ಹೊತ್ತಿಗೆ ಸರಿಯಾಗಿ ಹೇಳಿದ್ದರು. ಅವರು ಒಪ್ಪವಾಗಿ ಕಟ್ಟಿಕೊಟ್ಟ ಕಥೆಯನ್ನು ಕೆಡಿಸಿದ್ದು ನಾವು, ಒಂದೇ ಒಂದು ಪದದಿಂದ. ಕಾನೂನಿನಲ್ಲೇ ಬಾಡಿಗೆ ಇಲ್ಲ. ನಮ್ಮ ಬಾಯಲ್ಲಿ ಯಾಕೆ?

ಆಕೆ ಎಷ್ಟು ಚಂದ ಹೇಳಿದ್ದರು ನೋಡಿ: “ಹೆತ್ತುಕೊಟ್ಟಿದ್ದು ನಮ್ಮಕ್ಕ.” ನಮ್ಮ ಕನ್ನಡದಲ್ಲೇ ಪದ ಇತ್ತು, ನಾವು ಹುಡುಕಿರಲಿಲ್ಲ.

ಮರುದಿನ ನಾನೇ ಫೋನ್ ಮಾಡಿದೆ. “ದೊಡ್ಡಮ್ಮ ಬಾಡಿಗೆ ತಗೊಂಡಿಲ್ಲ ಪುಟ್ಟಿ, ಟಿವಿಯವರು ತಪ್ಪು ಹೇಳಿದ್ರು ಅಂತ ಹೇಳಿಬಿಡಿ ಅಮ್ಮ” ಅಂದೆ.

ಇವತ್ತು ನಿಮ್ಮೆಲ್ಲರ ಮುಂದೆಯೂ ಅದನ್ನೇ ಹೇಳುತ್ತಿದ್ದೇನೆ.