ಡ್ರೋನ್ ನೋಡುವ ಮೊದಲು ಬ್ಯಾಟರಿ ನೋಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬರುವ ಪತ್ರಗಳಲ್ಲಿ ಈಚೆಗೆ ತಿರುಗಾಮುರುಗಾ ಒಂದೇ ಪ್ರಶ್ನೆ. ಔಷಧ ಹೊಡೆಯುವ ಡ್ರೋನ್ ಐದು ಲಕ್ಷಕ್ಕೂ ಸಿಗುತ್ತದೆ, ಒಂಬತ್ತು ಲಕ್ಷಕ್ಕೂ ಸಿಗುತ್ತದೆ. ಎರಡಕ್ಕೂ ಹತ್ತು ಲೀಟರಿನ ಟ್ಯಾಂಕು, ಎರಡಕ್ಕೂ ರೆಕ್ಕೆ, ಎರಡೂ ಹಾರುತ್ತವೆ. ಹಾಗಾದರೆ ನಾಲ್ಕು ಲಕ್ಷದ ವ್ಯತ್ಯಾಸ ಎಲ್ಲಿದೆ? ಮೋಸ ಯಾವುದರಲ್ಲಿದೆ?

ಡ್ರೋನ್ ಅಂದರೇನು, ಅದು ಹೇಗೆ ಸಿಂಪಡಿಸುತ್ತದೆ ಎಂದು ನಾನು ಹೇಳುತ್ತ ಕೂರುವುದಿಲ್ಲ. ಘಟಪ್ರಭೆಯ ಕಾಲುವೆಗುಂಟ ಕಬ್ಬು ಹಚ್ಚಿದವರು ಅದನ್ನು ನನಗಿಂತ ಹತ್ತಿರದಿಂದ ನೋಡಿದ್ದೀರಿ. ಆಳೆತ್ತರ ದಾಟಿದ ಕಬ್ಬಿನೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗಿದವರಿಗೆ ಈ ಯಂತ್ರ ಯಾಕೆ ಬೇಕು ಅಂತಲೂ ಯಾರೂ ತಿಳಿಸಬೇಕಾಗಿಲ್ಲ. ಕೊಳ್ಳುವಾಗ ಏನು ನೋಡಬೇಕು ಅನ್ನುವುದಕ್ಕೇ ಬರೋಣ.

ಎಲ್ಲರೂ ನೋಡುವುದು ಟ್ಯಾಂಕು, ಕ್ಯಾಮೆರಾ, ರಿಮೋಟಿನ ಪರದೆ. ಮಾರುವವರೂ ಅದನ್ನೇ ಮುಂದೆ ಮಾಡುತ್ತಾರೆ. ನಾನು ಕೇಳುವುದು ಬ್ಯಾಟರಿ. ಎಷ್ಟು ಜೊತೆ ಕೊಡುತ್ತೀರಿ, ಎಷ್ಟು ಸಲ ಚಾರ್ಜಿಗೆ ಗ್ಯಾರಂಟಿ, ಹಾಳಾದರೆ ಎಷ್ಟು ದಿನಕ್ಕೆ ಹೊಸದು ಬರುತ್ತದೆ? ಈ ಮೂರಕ್ಕೆ ನೆಟ್ಟಗೆ ಉತ್ತರ ಬರದ ಅಂಗಡಿಯಲ್ಲಿ ಚಹಾ ಕುಡಿದು ಎದ್ದು ಬನ್ನಿ.

ಇದು ನನ್ನೊಬ್ಬನ ಹಟವಲ್ಲ. ಕೇಂದ್ರ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೆ ನಿಮಗೆ ಗೊತ್ತು. ಮಹಿಳಾ ಸಂಘಗಳಿಗೆ ಶೇಕಡಾ 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ. ಅದರ ಮಾರ್ಗಸೂಚಿಯಲ್ಲಿ ಯಂತ್ರದ ಜೊತೆ ಬರುವ ಬ್ಯಾಟರಿಯಲ್ಲದೆ ಇನ್ನೂ ನಾಲ್ಕು ಜೊತೆ ಬ್ಯಾಟರಿ ಕೊಡಬೇಕೆಂದು ಬರೆದಿದ್ದಾರೆ. ಅಷ್ಟಿದ್ದರೆ ದಿನಕ್ಕೆ ಇಪ್ಪತ್ತು ಎಕರೆ ಆಗುತ್ತದೆ ಎಂಬ ಲೆಕ್ಕ. ಐದು ಲಕ್ಷದ ಯಂತ್ರಕ್ಕೆ ಒಂದೋ ಎರಡೋ ಜೊತೆ ಕೊಟ್ಟಿದ್ದರೆ ಆ ನಾಲ್ಕು ಲಕ್ಷದ ದೊಡ್ಡ ಪಾಲು ಎಲ್ಲಿ ಹೋಯಿತು ಅಂತ ನೀವೇ ಕೂಡಿಸಿ ಕಳೆಯಿರಿ.

ಈಗ ಬ್ಯಾಟರಿಯ ಒಳಗೆ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಜಾರಾಗಬೇಡಿ.

ಆ ಪ್ಯಾಕಿನೊಳಗೆ ಲಿಥಿಯಂ ಪಾಲಿಮರ್ ಸೆಲ್‌ಗಳು ಒಂದರ ಹಿಂದೊಂದು ಸಾಲಾಗಿ ಕೂತಿರುತ್ತವೆ. ಕೆಲವು ಪ್ಯಾಕಿನಲ್ಲಿ ಆರು, ಕೆಲವದರಲ್ಲಿ ಹನ್ನೆರಡು. ಪೂರ್ತಿ ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್, ಆರು ಸೆಲ್ ಇದ್ದರೆ ಒಟ್ಟು 25.2. ಸಾಲಿನಲ್ಲಿರುವುದರಿಂದ ಎಲ್ಲ ಸೆಲ್‌ಗಳ ಮೂಲಕವೂ ಒಂದೇ ಕರೆಂಟು ಹರಿಯುತ್ತದೆ. ಜೋಡೆತ್ತಿನಲ್ಲಿ ಒಂದು ಸೋತರೆ ಗಾಡಿ ಆ ಸೋತ ಎತ್ತಿನ ನಡಿಗೆಗೇ ಇಳಿಯುತ್ತದಲ್ಲ, ಇಲ್ಲಿಯೂ ಹಾಗೆಯೇ. ಐದು ಸೆಲ್ 3.7ರಲ್ಲಿ ಗಟ್ಟಿಯಾಗಿವೆ, ಆರನೆಯದು 3.1ಕ್ಕೆ ಕುಸಿದಿದೆ ಅಂದುಕೊಳ್ಳಿ. ಒಟ್ಟು 21.6. ಸರಾಸರಿ 3.6. ಪರದೆ ಒಟ್ಟು ಲೆಕ್ಕವನ್ನಷ್ಟೇ ತೋರಿಸುವಂಥದಾದರೆ ‘ಇನ್ನೂ ಇದೆ, ಹಾರಿಸು’ ಅನ್ನುತ್ತದೆ. ಹುಡುಗ ಹಾರಿಸುತ್ತಾನೆ. ಟ್ಯಾಂಕು ತುಂಬಿದೆ, ಮೋಟಾರು ಜೋರಾಗಿ ಎಳೆಯುತ್ತಿದೆ, ಆ ಒಂದು ಸೆಲ್ ಕೈಬಿಡುತ್ತದೆ, ಯಂತ್ರ ಕಬ್ಬಿನ ನಡುವೆ ಕೂರುತ್ತದೆ.

ಹುಕ್ಕೇರಿ ಕಡೆ ಒಂದು ಹೊಲದಲ್ಲಿ ಹಾಗೆ ಬಿದ್ದ ಡ್ರೋನನ್ನು ಹುಡುಕಲು ನಾನೂ ಕಬ್ಬಿನೊಳಗೆ ಹೋದವನೇ. ರವದಿ ಮುಖಕ್ಕೆ ಗೀರುತ್ತದೆ, ನಾಲ್ಕು ಸಾಲಿನಾಚೆ ಏನೂ ಕಾಣುವುದಿಲ್ಲ. ಸಿಕ್ಕಾಗ ಎರಡು ರೆಕ್ಕೆ ಮುರಿದಿದ್ದವು, ಔಷಧವೆಲ್ಲ ಒಂದೇ ಗುಣಿಗೆ ಸುರಿದಿತ್ತು. ಹೊಲದವರು ಗಾಳಿಯನ್ನು ಬೈದರು, ಹಾರಿಸಿದ ಹುಡುಗ ಉಪಗ್ರಹದ ಸಿಗ್ನಲ್ ಬೈದ. ಪ್ಯಾಕು ಬಿಚ್ಚಿ ಸೆಲ್ ಒಂದೊಂದನ್ನೇ ಅಳೆದರೆ ಐದು ಸರಿ, ಒಂದು ಸತ್ತಿತ್ತು.

ಅದಕ್ಕೇ ಮತ್ತೆ ಹೇಳುತ್ತೇನೆ: ಒಟ್ಟು ವೋಲ್ಟ್ ಕೇಳಬೇಡಿ, ಸೆಲ್ ಒಂದೊಂದರ ವೋಲ್ಟ್ ಕೇಳಿ. ಟ್ಯಾಂಕಿಗೆ ಹತ್ತು ಲೀಟರು ನೀರು ತುಂಬಿಸಿ ಹಾರಿಸಿ ಇಳಿಸಲಿ, ಕೂಡಲೇ ಅಳೆಯಲಿ. ಸೆಲ್ಲಿಗೂ ಸೆಲ್ಲಿಗೂ 0.1 ವೋಲ್ಟಿಗಿಂತ ಹೆಚ್ಚು ಅಂತರ ಬಂದರೆ ಆ ಪ್ಯಾಕು ಬೇಡ. ಖಾಲಿ ಟ್ಯಾಂಕಿನಲ್ಲಿ ಹಾರಿಸಿ ‘ಇಪ್ಪತ್ತು ನಿಮಿಷ ನಿಂತಿತು ನೋಡಿ’ ಅನ್ನುವವರ ಮಾತು ಕೇಳಿ ನನಗೆ ಸಾಕಾಗಿದೆ. ನಿಮಗೆ ಖಾಲಿ ಡ್ರೋನ್ ಯಾಕೆ ಬೇಕು, ಗಾಳಿ ಹಾಕಿಸಿಕೊಳ್ಳುವುದಕ್ಕಾ? ಭಾರ ಹೊತ್ತಾಗ ಆ ಹೊತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧವೇ ನಿಮ್ಮ ದುಡಿಮೆಯ ಹೊತ್ತು.

ಇನ್ನೊಂದು ತಪ್ಪು ನಂಬಿಕೆ. ಮನೆಯ ಇನ್ವರ್ಟರಿನ ಬ್ಯಾಟರಿಯನ್ನು ಸದಾ ತುಂಬಿ ಇಟ್ಟರೆ ಬಾಳಿಕೆ ಬರುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ. ಅದು ಸೀಸ ಮತ್ತು ಆಸಿಡ್ಡಿನದು, ಅದಕ್ಕೆ ಆ ಮಾತು ಸರಿ. ಲಿಥಿಯಂ ಪಾಲಿಮರಿಗೆ ಅದೇ ಮಾತು ವಿಷ. ತುಂಬಿಟ್ಟು ಹದಿನೈದು ದಿನ ಮೂಲೆಗೆ ಬಿಟ್ಟರೆ ಒಳಗೆ ಅನಿಲ ಹುಟ್ಟಿ ಪ್ಯಾಕು ಊದಲು ಶುರುವಾಗುತ್ತದೆ. ಬಿಸಿಲಿದ್ದರೆ ಇನ್ನೂ ಬೇಗ. ನಮ್ಮ ಕಡೆ ಮೃಗಶಿರದ ಮಳೆ ಹಿಡಿದರೆ ವಾರಗಟ್ಟಲೆ ಸಿಂಪರಣೆ ಇಲ್ಲ. ಆಗ ಎಲ್ಲ ಜೊತೆಗಳೂ ‘ಬೇಕಾದಾಗ ರೆಡಿ ಇರಲಿ’ ಅಂತ ತುಂಬಿಕೊಂಡು ಕೂತಿರುತ್ತವೆ. ಬೇಡ. ಕೆಲಸವಿಲ್ಲದ ದಿನಗಳಲ್ಲಿ ಸೆಲ್ಲಿಗೆ 3.8ರ ಆಸುಪಾಸಿನಲ್ಲಿ ಇಡಿ. ಒಳ್ಳೆಯ ಚಾರ್ಜರಿನಲ್ಲಿ ಇದಕ್ಕೆಂದೇ ಸ್ಟೋರೇಜ್ ಎಂಬ ಗುಂಡಿ ಇರುತ್ತದೆ. ಆ ಗುಂಡಿ ಇಲ್ಲದ ಚಾರ್ಜರ್ ಕೊಡುವವನ ಡ್ರೋನೂ ಬೇಡ. ತುಂಬಿ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಹಾರಿ ಬಂದ ಬಿಸಿ ಪ್ಯಾಕನ್ನು ಹಾಗೇ ಚಾರ್ಜಿಗೆ ಹಾಕಬೇಡಿ, ಕೈಗೆ ತಣ್ಣಗೆ ಹತ್ತುವವರೆಗೆ ಕಾಯಿರಿ. ಏಪ್ರಿಲ್ ಬಿಸಿಲಲ್ಲಿ ಟ್ರ್ಯಾಕ್ಟರಿನ ಪೆಟ್ಟಿಗೆಯೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ.

ಹಳೆಯ ಡ್ರೋನ್ ಕೊಳ್ಳುವವರಿಗೆ ಸುಲಭದ ಪರೀಕ್ಷೆ: ಪ್ಯಾಕನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ಮೂಲೆಯನ್ನು ಬೆರಳಿನಿಂದ ಒತ್ತಿ. ಅಲ್ಲಾಡಿದರೆ ಹೊಟ್ಟೆ ಊದಿದೆ. ಊದಿದ ಪ್ಯಾಕು ಬೆಂಕಿ ಹಿಡಿಯುವ ವಸ್ತು. ರೇಟು ಕಡಿಮೆ ಮಾಡಿಸುವ ಮಾತೇ ಇಲ್ಲ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಒಂದು ಜೊತೆಗೆ 60,000 ರೂಪಾಯಿ, 300 ಸಲ ಚಾರ್ಜ್ ತಡೆಯುತ್ತದೆ, ಒಂದು ಚಾರ್ಜಿಗೆ ಒಂದು ಎಕರೆ ಅಂದುಕೊಳ್ಳಿ. ಎಕರೆಗೆ ಬ್ಯಾಟರಿ ಖರ್ಚೇ 200. ಅದೇ ಜೊತೆ ಅಜಾಗರೂಕತೆಯಿಂದ 100 ಸಲಕ್ಕೇ ಊದಿಕೊಂಡರೆ 600. ಬಾಡಿಗೆ ಎಕರೆಗೆ ಐದುನೂರು ಸಿಗುವ ಊರಿನಲ್ಲಿ ನೀವು ಪ್ರತಿ ಎಕರೆಗೆ ನೂರು ರೂಪಾಯಿ ಕೈಯಿಂದ ಹಾಕಿ ಪರರ ಹೊಲಕ್ಕೆ ಔಷಧ ಹೊಡೆದಂತಾಯಿತು. ನಿಮ್ಮೂರಿನ ದರ, ನಿಮ್ಮ ಬ್ಯಾಟರಿ ಬೆಲೆ ಹಾಕಿ ಇದೇ ಲೆಕ್ಕ ಬಿಡಿಸಿ. ಹೊಲದಲ್ಲಿ ಚಾರ್ಜ್ ಮಾಡುವ ಜನರೇಟರು, ಅದರ ಎಣ್ಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಸಮಯ ಕಡಿಮೆ ಉಳಿಯಿತು, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಟೈಪ್ ಸರ್ಟಿಫಿಕೇಟ್, ಅಂದರೆ ಮಾದರಿಗೆ ಸರ್ಕಾರದ ಒಪ್ಪಿಗೆ ಪತ್ರ, ಇರುವುದನ್ನೇ ಕೊಳ್ಳಿ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನುಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ಆದ್ದರಿಂದ ‘ನೇರ ಹೊರದೇಶದಿಂದ ತರಿಸಿದ್ದು, ಅಗ್ಗ’ ಅನ್ನುವವರು ನಿಮ್ಮನ್ನು ಕಾನೂನಿನ ಬಲೆಗೆ ತಳ್ಳುತ್ತಿದ್ದಾರೆ. 2021ರ ಡ್ರೋನ್ ನಿಯಮದಲ್ಲಿ ಸಣ್ಣ ವರ್ಗ ಅಂದರೆ 25 ಕೆ.ಜಿ.ವರೆಗೆ, ತುಂಬಿದ ಟ್ಯಾಂಕು ಮತ್ತು ಬ್ಯಾಟರಿ ಸೇರಿ. ದೊಡ್ಡ ಟ್ಯಾಂಕಿನ ಆಸೆ ತೋರಿಸಿದರೆ ಮೊದಲು ತೂಕ ಕೇಳಿ. ನಳಿಕೆ, ಪಂಪು, ರೆಕ್ಕೆ ಬೆಳಗಾವಿಯಲ್ಲೋ ಸಂಕೇಶ್ವರದಲ್ಲೋ ಸಿಗಬೇಕು. ಹಂಗಾಮಿನ ನಡುವೆ ಒಂದು ರೆಕ್ಕೆಗಾಗಿ ವಾರ ಕಾಯಲಾಗದು.

ಕಳೆನಾಶಕದ ಬಗ್ಗೆಯೂ ಒಂದು ಮಾತು. ಕಬ್ಬಿಗೆ 2,4-ಡಿ ಏನೂ ಮಾಡುವುದಿಲ್ಲ, ಆದರೆ ಅದರ ಹನಿ ಗಾಳಿಯಲ್ಲಿ ಪಕ್ಕದವರ ಬದನೆ, ಟೊಮ್ಯಾಟೊ, ಹತ್ತಿಗೆ ಹೋದರೆ ಎಲೆ ಮುರುಟುತ್ತದೆ. ಅದಕ್ಕೆ ಡ್ರೋನ್ ಬೇಡವೇ ಬೇಡ. ಬದುವಿನ ಜಗಳಕ್ಕೆ ಈಗಲೇ ನಮ್ಮಲ್ಲಿ ಕೊರತೆಯಿಲ್ಲ.

ನಾಲ್ಕೈದು ಎಕರೆಯವರು ಸ್ವಂತಕ್ಕೆ ಕೊಳ್ಳುವ ಯೋಚನೆ ಬಿಟ್ಟು ಬಾಡಿಗೆಗೆ ಕರೆಸಿ. ಕೊಳ್ಳಲೇಬೇಕು ಅನ್ನುವ ಸಂಘಗಳು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲೋ ವಿಚಾರಿಸಿ, ಮುಂಗಡ ಕೊಡುವ ಮೊದಲು ನಿಮ್ಮದೇ ಹೊಲದಲ್ಲಿ, ತುಂಬಿದ ಟ್ಯಾಂಕಿನೊಡನೆ, ಮಧ್ಯಾಹ್ನದ ಬಿಸಿಲಿನಲ್ಲಿ ಹಾರಿಸಿ ತೋರಿಸಲು ಹೇಳಿ. ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು, ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಆ ತರಬೇತಿಯ ಶುಲ್ಕ ಯಾರು ಕಟ್ಟುತ್ತಾರೆ ಅನ್ನುವುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.